ಜಪಾನಿಗೆ ಹೊರಡುವ ಮುನ್ನ ಕಸದ ಕ್ಯಾಲೆಂಡರ್ ಓದಿ

ನಮ್ಮ ಓಣಿಯ ಅಣ್ಣನೊಬ್ಬ ಜಪಾನಿನ ಫುಕುವೋಕಾದಲ್ಲಿದ್ದಾನೆ. ಧಾರವಾಡದಲ್ಲಿ ಬಿಎಸ್‌ಸಿ ಮುಗಿಸಿ, ಎರಡು ವರ್ಷ ಕೆಲಸ ಹುಡುಕಿ ಸುಸ್ತಾಗಿ, ಕೊನೆಗೆ ಏಜೆಂಟರೊಬ್ಬರ ಮೂಲಕ ಅಲ್ಲಿನ ಭಾಷಾ ಶಾಲೆ ಸೇರಿದವನು. ಹೋದ ಹೊಸದರಲ್ಲಿ ಅವನು ಕಳಿಸಿದ ಮೊದಲ ಫೋಟೊ ಚೆರ್ರಿ ಹೂವಿನದಲ್ಲ, ಬುಲೆಟ್ ಟ್ರೇನಿನದೂ ಅಲ್ಲ. ಅಡುಗೆಮನೆಯ ಗೋಡೆಗೆ ಅಂಟಿಸಿದ ಒಂದು ಕ್ಯಾಲೆಂಡರ್. ‘ಇಲ್ಲೆ ಕಸಾ ಚೆಲ್ಲಾಕೂ ಪಂಚಾಂಗ ನೋಡಬೇಕು’ ಎಂದು ಕೆಳಗೆ ಬರೆದಿದ್ದ. ಅಂಬೇವಾಡಿಯಲ್ಲಿ ಕುಳಿತು ಅದನ್ನು ಓದಿದ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಫುಕುವೋಕಾದಲ್ಲಿ ಕಸವನ್ನು ರಾತ್ರಿ ಹೊತ್ತು ಒಯ್ಯುತ್ತಾರೆ. ಸೂರ್ಯ ಮುಳುಗಿದ ಮೇಲೆ, ಮಧ್ಯರಾತ್ರಿಯ ಒಳಗೆ ಹೊರಗಿಡಬೇಕು. ಜಪಾನಿನ ಬೇರೆ ಬಹಳಷ್ಟು ಊರುಗಳಲ್ಲಿ ಇದೇ ಕೆಲಸ ಬೆಳಿಗ್ಗೆ. ಸುಡುವ ಕಸ ವಾರಕ್ಕೆರಡು ಸಲ, ಸುಡದ ಕಸ ತಿಂಗಳಿಗೆ ಒಂದೇ ಸಲ, ಬಾಟಲಿಗಳಿಗೆ ಇನ್ನೊಂದು ದಿನ. ಚೀಲವನ್ನೂ ನಗರಪಾಲಿಕೆ ಗೊತ್ತುಮಾಡಿದ್ದನ್ನೇ ದುಡ್ಡು ಕೊಟ್ಟು ತರಬೇಕು. ಅಣ್ಣ ಎರಡನೇ ವಾರದಲ್ಲೇ ಸುಡುವ ಕಸದ ಚೀಲಕ್ಕೆ ಬಾಟಲಿಗಳನ್ನು ತುಂಬಿ ಇಟ್ಟುಬಂದ. ಮರುದಿನ ನೋಡಿದರೆ ಚೀಲ ಅಲ್ಲೇ ಇದೆ, ಮೇಲೊಂದು ಸ್ಟಿಕ್ಕರ್. ಯಾರೂ ಬಯ್ಯಲಿಲ್ಲ, ಬಾಗಿಲು ತಟ್ಟಲಿಲ್ಲ. ಮೂರು ದಿನದ ನಂತರ ಕಟ್ಟಡದ ಬಾಗಿಲಿಗೆ ಹೊಸ ನೋಟಿಸ್ ಬಂತು. ಕಸ ವಿಂಗಡಿಸುವುದು ಹೇಗೆಂದು ನೇಪಾಳಿ, ವಿಯೆಟ್ನಾಮಿ, ಇಂಗ್ಲಿಷ್ ಮೂರು ಭಾಷೆಯಲ್ಲಿ. ‘ತಪ್ಪು ಮಾಡಿದಾಂವ ನಾ ಒಬ್ಬನ. ಪಾಠ ಮಾತ್ರ ಮೂರು ದೇಶದವ್ರಿಗೆ’ ಎಂದ ಅಣ್ಣ. ಈ ಸಲ ನಗಲಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. 2025ರ ಆಗಸ್ಟ್ 29ರಂದು ಟೋಕಿಯೊದಲ್ಲಿ ನಡೆದ ಭಾರತ-ಜಪಾನ್ ಶೃಂಗಸಭೆಯಲ್ಲಿ, ಮುಂದಿನ ಐದು ವರ್ಷಗಳಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನರ ವಿನಿಮಯ ಆಗಬೇಕು, ಅದರಲ್ಲಿ 50 ಸಾವಿರ ಮಂದಿ ಭಾರತದಿಂದ ಜಪಾನಿಗೆ ಹೋಗುವ ಕುಶಲರು ಮತ್ತು ಕುಶಲರಾಗಬಲ್ಲ ಯುವಜನರು ಇರಬೇಕು ಎಂದು ಗುರಿ ಇಟ್ಟುಕೊಂಡರು. ಜಪಾನಿಗೆ ಜನ ಬೇಕು. 2024ರಲ್ಲಿ ಆ ದೇಶದಲ್ಲಿ ಹುಟ್ಟಿದ ಜಪಾನಿ ಮಕ್ಕಳು 6.86 ಲಕ್ಷ ಮಾತ್ರ. 7 ಲಕ್ಷಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ನಮಗೆ ಕೆಲಸ ಬೇಕು. ಇಷ್ಟು ಸರಳವಾಗಿ ಹೇಳಿದರೆ ಜೋಡಿ ಚೆನ್ನಾಗಿಯೇ ಕೂಡಿಬಂದಂತೆ ಕಾಣುತ್ತದೆ. ಶೃಂಗಸಭೆ ಮುಗಿದ ಮೇಲೆ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ‘ಜಪಾನಿನಲ್ಲಿ ಓದು, ಓದುತ್ತಲೇ ಗಳಿಸು’ ಎಂಬ ಪೋಸ್ಟರ್‌ಗಳು ಓಡಾಡತೊಡಗಿದವು. ಅವುಗಳಲ್ಲಿ ಕಸದ ಕ್ಯಾಲೆಂಡರ್ ಇರುವುದಿಲ್ಲ.

ಪೋಸ್ಟರ್ ಮಾಡುವ ಮೊದಲ ಮೋಸವೆಂದರೆ ಬೇರೆ ಬೇರೆ ದಾರಿಗಳನ್ನು ಒಂದೇ ಎಂಬಂತೆ ತೋರಿಸುವುದು. 2019ರಲ್ಲಿ ಜಪಾನ್ ಆರಂಭಿಸಿದ ‘ನಿರ್ದಿಷ್ಟ ಕುಶಲ ಕೆಲಸಗಾರ’ ವೀಸಾ ಒಂದು, ಅದು ನೌಕರಿ. ಭಾಷೆ ಮತ್ತು ಕೌಶಲದ ಪರೀಕ್ಷೆ ಪಾಸಾಗಿ ಹೋಗಬೇಕು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಇನ್ನೊಂದು. ಶುಲ್ಕ, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲವೂ ಅವರದೇ, ಆದರೆ ಸ್ಪರ್ಧೆ ವಿಪರೀತ. ಅಣ್ಣ ಹೋದದ್ದು ಮೂರನೆಯ ದಾರಿ. ಕೈಯಿಂದ ಹಣ ಹಾಕಿ ಭಾಷಾ ಶಾಲೆಗೆ ಸೇರುವುದು, ಅಲ್ಲಿ ಹೆಚ್ಚೆಂದರೆ ಎರಡು ವರ್ಷ ಕಲಿತು ವೃತ್ತಿಶಿಕ್ಷಣ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಹೋಗುವುದು, ಆಮೇಲೆ ನೌಕರಿ ಹುಡುಕುವುದು. ನೇಪಾಳದ ಯುವಕರು ದೊಡ್ಡ ಸಂಖ್ಯೆಯಲ್ಲಿ ಹಿಡಿದಿರುವುದು ಇದೇ ದಾರಿ. 2024ರ ಮೇ ತಿಂಗಳ ಲೆಕ್ಕದಂತೆ ಜಪಾನಿನಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು ಸುಮಾರು 3.36 ಲಕ್ಷ, ಚೀನಾದ ನಂತರದ ಸ್ಥಾನ ನೇಪಾಳದ್ದು, 64 ಸಾವಿರಕ್ಕೂ ಹೆಚ್ಚು. ಭಾರತ ಆ ಪಟ್ಟಿಯಲ್ಲಿ ಬಹಳ ಕೆಳಗಿದೆ.

ಈ ಮೂರನೆಯ ದಾರಿಯ ಲೆಕ್ಕ ನಮ್ಮ ಮನೆಯಲ್ಲೂ ನಡೆಯುತ್ತಿದೆ. ನಾನೀಗ ಹಳಿಯಾಳದಲ್ಲಿ ಬಿಇ ಐದನೇ ಸೆಮಿಸ್ಟರ್. ಕ್ಯಾಂಪಸ್ ಸಂದರ್ಶನಗಳು ಹೇಗೆ ನಡೆಯುತ್ತಿವೆ ಎಂಬುದು ಈ ಪುಟ ಓದುವವರಿಗೆ ನಾನು ಹೇಳಬೇಕಿಲ್ಲ. ‘ಮನಿ ಪತ್ರ ಇಟ್ಟು ಸಾಲ ತೆಗ್ಯೂಣೇನು?’ ಎಂದು ಅಪ್ಪ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ಅಂಬೇವಾಡಿಯಲ್ಲಿರುವ ಎರಡು ಕೋಣೆಯ ಮನೆ ಅದು. ಮರುದಿನವೇ ನಾನು ಅಣ್ಣನಿಗೆ ಫೋನ್ ಹಚ್ಚಿ ಕಾಗದ, ಪೆನ್ನು ಹಿಡಿದು ಕುಳಿತೆ.

ವಿದ್ಯಾರ್ಥಿ ವೀಸಾದಲ್ಲಿರುವವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆ. ಜಪಾನಿನ ಕನಿಷ್ಠ ಕೂಲಿ 2025ರಲ್ಲಿ ಸರಾಸರಿ ಗಂಟೆಗೆ 1,121 ಯೆನ್; ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ವ್ಯತ್ಯಾಸ ಇದೆ. 28 ಗಂಟೆ ಪೂರ್ತಿ ದುಡಿದರೆ ನಾಲ್ಕು ವಾರಕ್ಕೆ ಒಂದೂಕಾಲು ಲಕ್ಷ ಯೆನ್. ರೂಪಾಯಿಗೆ ತಿರುಗಿಸಿದರೆ 70 ಸಾವಿರ ದಾಟುತ್ತದೆ. ಪೋಸ್ಟರ್‌ನಲ್ಲಿ ದಪ್ಪಕ್ಷರದಲ್ಲಿ ಬರುವುದು ಇಷ್ಟೇ. ಇದನ್ನು ನೋಡಿ ‘ಪಾರ್ಟ್ ಟೈಮ್‌ಗೇ ಇಷ್ಟಾದರೆ...’ ಎಂದು ಅಪ್ಪನೂ ಕಣ್ಣರಳಿಸಿದ್ದರು.

ಈಗ ಕಳೆಯುತ್ತ ಹೋಗಿ. ಅಣ್ಣನ ಶಾಲೆಯ ಶುಲ್ಕ ವರ್ಷಕ್ಕೆ ಏಳೂವರೆ ಲಕ್ಷ ಯೆನ್, ಎಂದರೆ ತಿಂಗಳಿಗೆ 62 ಸಾವಿರದ ಮೇಲೆ. ಮೂವರು ಹಂಚಿಕೊಂಡ ಕೋಣೆಯಲ್ಲಿ ಅವನ ಪಾಲು 35 ಸಾವಿರ. ಉಳಿದ 28 ಸಾವಿರದಲ್ಲಿ ಊಟ, ಫೋನು, ಬಸ್ಸು, ಆರೋಗ್ಯ ವಿಮೆಯ ಕಂತು. ಊರಿನ ಸಾಲದ ಕಂತು ಎಲ್ಲಿಂದ? ಅದಕ್ಕೇ ಕೆಲವರು 28 ಗಂಟೆಯ ಗೆರೆ ದಾಟುತ್ತಾರೆ, ಎರಡು ಕಡೆ ದುಡಿಯುತ್ತಾರೆ. ಸಿಕ್ಕಿಬಿದ್ದರೆ ವೀಸಾ ನವೀಕರಣವೇ ನಿಲ್ಲಬಹುದು. ಗೆರೆ ದಾಟದವರ ಕಥೆಯೂ ಸುಖದ್ದಲ್ಲ. ಅಣ್ಣ ದುಡಿಯುವುದು ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ, ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತಕ್ಕೆ ತರಗತಿ. ‘ಕ್ಲಾಸಿನ್ಯಾಗ ನಿದ್ದಿ ಮಾಡಿದ್ರ ಭಾಷಾ ಬರೂದಿಲ್ಲ, ಭಾಷಾ ಬರಲಿಲ್ಲಂದ್ರ ಡಬ್ಬಿ ತುಂಬೂದು ಬಿಡೂದಿಲ್ಲ’ ಎಂದ. ಜಪಾನಿ ಬಂದರೆ ಅಂಗಡಿ, ಹೋಟೆಲಿನ ಕೌಂಟರ್ ಕೆಲಸ; ಬಾರದಿದ್ದರೆ ಮಾತೇ ಬೇಡದ ಕಾರ್ಖಾನೆ. ಮಾತೇ ಇಲ್ಲದ ಕೆಲಸದಲ್ಲಿ ಮಾತು ಕಲಿಯುವುದು ಹೇಗೆ?

ಭಾಷೆಯ ವಿಷಯಕ್ಕೆ ಬಂದರೆ, ಇದೊಂದರಲ್ಲಿ ಮಾತ್ರ ಕನ್ನಡಿಗರಿಗೆ ಪುಕ್ಕಟೆ ಲಾಭವಿದೆ. ಆರು ತಿಂಗಳಿಂದ ನಾನೇ ಕಲಿಯುತ್ತಿದ್ದೇನಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಜಪಾನಿ ವರ್ಣಮಾಲೆಯ ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಜೊತೆ ಹೋದ ಸಂಸ್ಕೃತದ ಅಕ್ಷರಕ್ರಮವೇ ಈ ಜೋಡಣೆಗೆ ಮೂಲ. ವಾಕ್ಯವಂತೂ ನಮ್ಮದೇ. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ಹಿಂದೆ. ‘ಅಶಿತಾ ಕುರು ತೊ ಇತ್ತಾ’ ಎಂದರೆ ‘ನಾಳೆ ಬರ್ತೀನಿ ಅಂತ ಹೇಳಿದ’. ‘ಅಂತ’ ಎಲ್ಲಿ ಬರುತ್ತದೋ ಅಲ್ಲೇ ‘ತೊ’. ಇನ್ನೂ ಮಜಾ ಎಂದರೆ ‘ತಾಬೆತೆ ಮಿರು’. ‘ತಾಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ತಿಂದು ನೋಡು! ‘ತಾಬೆತೆ ಶಿಮಾತ್ತಾ’ ಎಂದರೆ ತಿಂದುಬಿಟ್ಟೆ. ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕಗಳು ಇದನ್ನು ವಿವರಿಸಲು ಅರ್ಧ ಪುಟ ತೆಗೆದುಕೊಳ್ಳುತ್ತವೆ. ನಮ್ಮ ಅಜ್ಜಿಗೆ ಒಂದು ಸಾಲಿನಲ್ಲಿ ತಿಳಿಯುತ್ತದೆ. ಕಷ್ಟ ಇರುವುದು ಚೀನೀ ಮೂಲದ ಚಿತ್ರಾಕ್ಷರಗಳಲ್ಲಿ. ದಿನಬಳಕೆಗೆಂದು ಸರ್ಕಾರ ಗೊತ್ತುಮಾಡಿರುವ ಪಟ್ಟಿಯಲ್ಲೇ 2,136 ಇವೆ. ನನಗೆ ಸದ್ಯಕ್ಕೆ ತೊಂಬತ್ತು ಬರುತ್ತವೆ, ಅದರಲ್ಲಿ ಹತ್ತು ಮರೆತಿವೆ.

ಆದರೆ ವ್ಯಾಕರಣ ಹೊಂದಿದ ಮಾತ್ರಕ್ಕೆ ಬದುಕು ಹೊಂದುವುದಿಲ್ಲ. ಚಪ್ಪಲಿ ಹೊರಗೆ ಬಿಡುವುದು, ಊಟಕ್ಕೆ ಮುಂಚೆ ಕೈ ಜೋಡಿಸುವುದು ನಮಗೂ ಗೊತ್ತು. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರ ಎಡೆಗೆ ಮಾಡುವ ರೀತಿ ಎಂದರೆ, ಎಡೆ ಇಡುವ ಮನೆಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ರೈಲಿನಲ್ಲಿ ಫೋನಿನಲ್ಲಿ ಮಾತಾಡಬಾರದು ಎಂಬುದನ್ನೂ ಒಂದು ವಾರದಲ್ಲಿ ಕಲಿಯಬಹುದು. ಊಟ ಸ್ವಲ್ಪ ತಾಪತ್ರಯ. ಸಸ್ಯಾಹಾರದಂತೆ ಕಾಣುವ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ, ಫುಕುವೋಕಾದ ಹೆಸರಾಂತ ರಾಮೆನ್ ಹಂದಿಯ ಎಲುಬಿನ ರಸದ್ದು. ಕಾರವಾರ ಕಡೆಯ ಮೀನು ತಿಂದು ಬೆಳೆದ ಅಣ್ಣನಿಗೆ ಮೊದಲನೆಯದು ತೊಂದರೆ ಕೊಡಲಿಲ್ಲ.

ಕಲಿಯಲು ಕಷ್ಟವಾದದ್ದು ಬಾಯಿಬಿಟ್ಟು ಯಾರೂ ಹೇಳದ ನಿಯಮಗಳು. ಜಪಾನಿನಲ್ಲಿ ಇದಕ್ಕೆ ‘ಗಾಳಿಯನ್ನು ಓದುವುದು’ ಎಂಬ ಮಾತೇ ಇದೆ. ಎದುರಿನವರು ಹೇಳದ್ದನ್ನು ವಾತಾವರಣ ನೋಡಿ ತಿಳಿಯಬೇಕು. ‘ಅದು ಚೊತ್ತೊ...’ ಎಂದು ಎಳೆದರೆ ‘ಸ್ವಲ್ಪ...’ ಎಂಬುದು ಪದದ ಅರ್ಥ, ‘ಆಗುವುದಿಲ್ಲ’ ಎಂಬುದು ನಿಜವಾದ ಅರ್ಥ. ಹಬ್ಬಕ್ಕೆ ರಜೆ ಕೇಳಿದಾಗ ಮೇಲ್ವಿಚಾರಕ ಹೀಗಂದಿದ್ದನ್ನು ಅಣ್ಣ ‘ಸ್ವಲ್ಪ ಕಷ್ಟ, ಆದರೂ ಕೊಡ್ತಾರೆ’ ಎಂದುಕೊಂಡು ಆ ದಿನ ಹೋಗಲೇ ಇಲ್ಲ. ಮುಂದಿನ ತಿಂಗಳು ಅವನ ಪಾಳಿಗಳು ಅರ್ಧಕ್ಕೆ ಇಳಿದವು. ನಮ್ಮವರು ಇದನ್ನು ಕೇಳಿ ‘ಎಂಥಾ ಕಪಟಿ ಜನ’ ಎಂದರು. ನನಗೆ ಹಾಗನ್ನಿಸಲಿಲ್ಲ. ಮದುವೆ ಸಂಬಂಧ ಬೇಡವಾದಾಗ, ಕೈಗಡ ಕೊಡಲು ಮನಸ್ಸಿಲ್ಲದಾಗ ನಮ್ಮ ಕಡೆಯವರು ‘ನೋಡೂಣ ತಗೋರಿ’ ಎನ್ನುತ್ತಾರೆ. ಅದರ ಅರ್ಥ ‘ನೋಡೋಣ’ ಎಂದು ತಿಳಿದು ವಾರ ಬಿಟ್ಟು ಮತ್ತೆ ಬಂದವನನ್ನು ದಡ್ಡ ಎನ್ನುವುದಿಲ್ಲವೇ? ಗಾಳಿ ಓದುವುದು ನಮಗೂ ಬರುತ್ತದೆ. ಆದರೆ ನಮ್ಮ ಗಾಳಿ ಮಾತ್ರ.

ಇನ್ನು ಈ ಲೇಖನದ ಕಹಿ ಭಾಗ. ಅಣ್ಣನ ಕಟ್ಟಡದ ನೋಟಿಸ್ ಈಗ ಇಡೀ ಜಪಾನಿಗೆ ಬಿದ್ದಂತಿದೆ. 2025ರ ಜುಲೈನಲ್ಲಿ ನಡೆದ ಮೇಲ್ಮನೆ ಚುನಾವಣೆಯಲ್ಲಿ ‘ಜಪಾನಿಯರೇ ಮೊದಲು’ ಎಂಬ ಘೋಷಣೆಯ ಸಾನ್ಸೇತೊ ಪಕ್ಷ 14 ಸ್ಥಾನ ಗೆದ್ದಿತು. ಅದೇ ತಿಂಗಳು, ಪಿಎಚ್‌.ಡಿ ವಿದ್ಯಾರ್ಥಿಗಳಿಗೆ ನೆರವಾಗುವ ‘ಸ್ಪ್ರಿಂಗ್’ ಯೋಜನೆಯ ಜೀವನವೆಚ್ಚದ ಹಣವನ್ನು 2027ರಿಂದ ಜಪಾನಿ ಪ್ರಜೆಗಳಿಗಷ್ಟೇ ಮೀಸಲಿಡುವ ನಿರ್ಧಾರ ಹೊರಬಿತ್ತು. ಅದರ ಫಲಾನುಭವಿಗಳಲ್ಲಿ ಸುಮಾರು ಶೇ 40ರಷ್ಟು ವಿದೇಶಿಯರು, ಅವರಲ್ಲೂ ಹೆಚ್ಚಿನವರು ಚೀನೀಯರು ಎಂಬುದು ಸಂಸತ್ತಿನಲ್ಲಿ ಚರ್ಚೆಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಆಡಳಿತ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದ ಸನೇ ತಕಾಯಿಚಿ, ನಾರಾ ನಗರದ ಜಿಂಕೆಗಳನ್ನು ವಿದೇಶಿ ಪ್ರವಾಸಿಗರು ಒದೆಯುವ ಬಗ್ಗೆ ಭಾಷಣದಲ್ಲಿ ಮಾತಾಡಿದರು. ಅಕ್ಟೋಬರ್‌ನಲ್ಲಿ ಅವರು ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಒಂದು ಜಿಂಕೆಗೆ ಬಿದ್ದ ಒದೆ, ಒಂದು ಚೀಲದ ಬಾಟಲಿ ಚುನಾವಣೆಯ ಸರಕಾಗುವ ಕಾಲ ಇದು.

ಇಲ್ಲಿ ಒಂದು ವಿಚಿತ್ರವಿದೆ. ಜನ ಬೇಕು ಎಂದು ಒಪ್ಪಂದ ಮಾಡಿಕೊಳ್ಳುವುದು ಅದೇ ಸರ್ಕಾರ, ಬಂದವರು ಹೆಚ್ಚಾದರು ಎನ್ನುವುದು ಅದೇ ದೇಶದ ಮತದಾರರು. ನಡುವೆ ಸಿಕ್ಕವನು ಸಾಲ ಮಾಡಿ ಹೋದ ವಿದ್ಯಾರ್ಥಿ. ಊರಲ್ಲಿ ತಪ್ಪು ಮಾಡಿದರೆ ಅವನು ಇಂಥವರ ಮಗ. ಅಲ್ಲಿ ತಪ್ಪು ಮಾಡಿದರೆ ‘ವಿದೇಶಿಯರು’. ಬಾಡಿಗೆ ಮನೆ ಹುಡುಕಲು ಹೋದಾಗ ಇದರ ಬೆಲೆ ತಿಳಿಯುತ್ತದೆ. ಜಪಾನಿನ ಕಾನೂನು ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ್ದ ವಿದೇಶಿಯರಲ್ಲಿ ಶೇ 39ರಷ್ಟು ಮಂದಿ ವಿದೇಶಿ ಎಂಬ ಕಾರಣಕ್ಕೇ ತಮಗೆ ಮನೆ ಸಿಗಲಿಲ್ಲ ಎಂದಿದ್ದರು.

ಇದನ್ನು ಓದಿ ಜಪಾನಿಯರ ಮೇಲೆ ಸಿಟ್ಟಾಗುವ ಮೊದಲು ನನಗೆ ಹುಬ್ಬಳ್ಳಿ ನೆನಪಾಯಿತು. ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆಂದು ನಾವು ಮೂವರು ಅಲ್ಲಿ ಒಂದು ತಿಂಗಳಿಗೆ ಕೋಣೆ ಹುಡುಕಿದೆವು. ಮೂರನೆಯವನು ಹಳಿಯಾಳ ತಾಲ್ಲೂಕಿನ ಸಿದ್ದಿ ಹುಡುಗ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ತಂದವರ ಪೀಳಿಗೆ. ಶತಮಾನಗಳಿಂದ ನಮ್ಮ ಕಾಡುಗಳಲ್ಲೇ ಇರುವವರು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಗಿದೆ. ಫೋನಿನಲ್ಲಿ ಅವನ ಕನ್ನಡ ಕೇಳಿ ‘ಬರ್ರಿ’ ಎಂದಿದ್ದ ಮಾಲೀಕರು ಮುಖ ನೋಡಿದೊಡನೆ ‘ಫಾರಿನ್ನಿನವ್ರಿಗೆ ಕೊಡೂದಿಲ್ರಿ, ಪೊಲೀಸ್ ಕಿರಿಕಿರಿ’ ಎಂದರು. ಅವನು ಆಧಾರ್ ಕಾರ್ಡ್ ತೆಗೆದ. ಅವರು ‘ನೋಡೂಣ ತಗೋರಿ’ ಎಂದರು. ನಾವು ಮೂವರೂ ಗಾಳಿ ಓದಿ ಮೆಟ್ಟಿಲಿಳಿದೆವು.

ಅದಕ್ಕಿಂತ ದೊಡ್ಡದು 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ನಡೆದದ್ದು. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಸ್ಥಳೀಯ ಮಹಿಳೆ ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಕಸದ ನೋಟಿಸ್ ಹುಟ್ಟಿದ ಲೆಕ್ಕವೇ ಇಲ್ಲಿಯೂ: ಒಬ್ಬನ ತಪ್ಪು ಆ ಬಣ್ಣದ ಎಲ್ಲರದು. ಜಪಾನಿನಲ್ಲಿ ಅದು ಸ್ಟಿಕ್ಕರ್ ಮತ್ತು ನೋಟಿಸಿನಲ್ಲಿ ನಿಂತಿತ್ತು ಎಂದು ಹೇಳಬೇಕು.

ಹಾಗೆಂದು ನಮ್ಮ ಜಿಲ್ಲೆಗೆ ಬೇರೆ ರೀತಿ ಗೊತ್ತೇ ಇಲ್ಲವೆಂದಲ್ಲ. ಮುಂಡಗೋಡಿನ ಟಿಬೆಟನ್ ಕಾಲೊನಿ 1960ರ ದಶಕದಿಂದ ಇದೆ. ಅಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಟಿಬೆಟನ್ನರ ಜೊತೆ ಮಂಗೋಲಿಯಾದಿಂದ, ರಷ್ಯಾದ ಬುರ್ಯಾತಿಯಾ, ಕಲ್ಮೀಕಿಯಾಗಳಿಂದ ಬಂದವರೂ ಓದುತ್ತಾರೆ. ಹೊರದೇಶದವರು ಅಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು. ಟಿಬೆಟನ್ನರಿಗೆ ನೋಂದಣಿ ಪತ್ರ, ಅದರ ನವೀಕರಣ. ಅಣ್ಣ ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಾದ ನಿವಾಸಿ ಕಾರ್ಡಿನ ಅಣ್ಣತಮ್ಮಂದಿರು ಇವು. ಮುಂಡಗೋಡಿನ ಸಂತೆಯಲ್ಲಿ ಕೆಂಪು ನಿಲುವಂಗಿಯ ಯುವ ಭಿಕ್ಷುವೊಬ್ಬ ‘ಎಷ್ಟ್ರೀ ಕೆಜಿ?’ ಎಂದು ಕೇಳಿ, ಹೇಳಿದ ರೇಟಿಗೆ ಐದು ರೂಪಾಯಿ ಇಳಿಸಿ ಟೊಮೆಟೊ ಕೊಂಡದ್ದನ್ನು ನಾನು ನೋಡಿದ್ದೇನೆ. ಮಾರುವಾಕೆ ‘ಭಾಳ ಶಾಣ್ಯಾ ಅದೀಯಪಾ’ ಎಂದು ಬೈದಳು. ಅವಳು ಬೈದದ್ದು ಅವನೊಬ್ಬನನ್ನೇ. ಪರದೇಶದಲ್ಲಿ ಇಷ್ಟು ಗಳಿಸಲು ಎಷ್ಟು ವರ್ಷ ಬೇಕೋ.

ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ದರು. ಇಂಜಿನಿಯರ್ ದಿನದ ಭಾಷಣಗಳಲ್ಲಿ ಇದು ಪ್ರತಿವರ್ಷ ಬರುತ್ತದೆ. ಆದರೆ ಅವರು ಹೋದದ್ದು ನೋಡಿ ಬರಲು; ಬಾಡಿಗೆ ಮನೆ ಹುಡುಕಲು, ರಾತ್ರಿ ಪಾಳಿ ಮಾಡಲು ಅಲ್ಲ. ಜಪಾನ್ ಎಂದೊಡನೆ ಶಿಸ್ತು, ಸ್ವಚ್ಛತೆ ಎಂದು ಚಪ್ಪಾಳೆ ತಟ್ಟುವ ನಮ್ಮ ಅಭ್ಯಾಸ ಪ್ರವಾಸಿಯದು. ಆ ಸ್ವಚ್ಛತೆಯ ಒಳಗೆ ವಿದೇಶಿಯಾಗಿ ಬದುಕುವವನಿಗೆ ಅದು ಪ್ರತಿರಾತ್ರಿ ಬರೆಯುವ ಪರೀಕ್ಷೆ.

ನಾನು ಹೋಗಬಾರದು ಎಂದು ತೀರ್ಮಾನಿಸಿಲ್ಲ. ಅಣ್ಣನೂ ವಾಪಸು ಬರುವ ಮಾತಾಡುತ್ತಿಲ್ಲ. ಈಗ ಅವನಿಗೆ ಭಾಷೆ ಹತ್ತಿದೆ. ಕಾರ್ಖಾನೆ ಬಿಟ್ಟು ಅಂಗಡಿಯ ಕೌಂಟರಿಗೆ ಬಂದಿದ್ದಾನೆ. ಮೊದಲು ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯ ಅಜ್ಜಿ ಈಗ ಮೂಲಂಗಿ ಕೊಡುತ್ತಾಳಂತೆ. ಕಟ್ಟಡಕ್ಕೆ ಹೊಸದಾಗಿ ಬಂದ ನೇಪಾಳದ ಹುಡುಗನಿಗೆ ಕಸದ ಚೀಲ ಕಟ್ಟಿ ತೋರಿಸಿದವನು ಇವನೇ. ಆದರೆ ಅವನು ನನಗೆ ಹೇಳಿದ್ದು ಒಂದೇ: ಜಪಾನಿ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಕೆಳಗಿನ ಎರಡನ್ನಾದರೂ ಊರಲ್ಲಿದ್ದೇ ಪಾಸು ಮಾಡು, ಏಜೆಂಟರ ಬಳಿ ಆಮೇಲೆ ಹೋಗು. ಇಲ್ಲಿ ಆರು ತಿಂಗಳ ಕಲಿಕೆಗೆ ಪುಸ್ತಕದ ಖರ್ಚು. ಅಲ್ಲಿ ಅದೇ ಆರು ತಿಂಗಳಿಗೆ ಸುಮಾರು ನಾಲ್ಕು ಲಕ್ಷ ಯೆನ್ ಶುಲ್ಕ.

ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ನಮ್ಮ ಕಡೆಯವರಿಗೆ ಬೆಂಗಳೂರು, ಇಲ್ಲವೇ ಪುಣೆ. ನಾನು ಡಿಸೆಂಬರ್‌ಗೆ ಬೆಂಗಳೂರು ಕೇಂದ್ರ ತೆಗೆದುಕೊಂಡಿದ್ದೇನೆ, ಎಲ್ಲಕ್ಕಿಂತ ಕೆಳಗಿನ ಹಂತಕ್ಕೆ. ‘ಪಾಸಾದ್ರ ಸಾಲದ ಮಾತು ಮುಂದುವರಸೂಣೇನು?’ ಎಂದು ಅಪ್ಪ ಮೊನ್ನೆ ಮತ್ತೆ ಕೇಳಿದರು. ಇನ್ನೊಂದು ಹಂತ ಉಳಿಯುತ್ತದೆ, ಅದು ಜುಲೈಗೆ ಎಂದೆ. ಮನೆಯ ಪತ್ರ ಸದ್ಯಕ್ಕೆ ಕಪಾಟಿನಲ್ಲೇ ಇದೆ.